ಒಗ್ಗರಣೆ ಗಂಡನೇ ಹಾಕಲಿ

ಸೊಸೆಗೆ ಎರಡು ತಿಂಗಳು ಅಂತ ಗೊತ್ತಾದ ವಾರವೇ ತುಮಕೂರಿನಿಂದ ಬಸ್ಸು ಹತ್ತಿ ಬೆಂಗಳೂರಿನ ಅವರ ಮನೆಗೆ ಹೋದೆ. ಬಾಗಿಲು ತೆಗೆದವಳ ಮುಖ ಬಾಡಿಹೋಗಿತ್ತು. ಒಲೆಯ ಮೇಲೆ ಸಾರು ಕುದಿದು ಆರಿದೆ, ಒಗ್ಗರಣೆ ಮಾತ್ರ ಬಿದ್ದಿಲ್ಲ. "ಎಣ್ಣೆಗೆ ಇಂಗು ಬಿದ್ದರೆ ಸಾಕು, ವಾಂತಿ ಬರುತ್ತೆ ಅತ್ತೆ" ಅಂದಳು. ಮಗ ಪಕ್ಕದಲ್ಲೇ ಫೋನ್ ಹಿಡಿದು ನಿಂತಿದ್ದ, ಹೊರಗಿನಿಂದ ಏನಾದರೂ ತರಿಸಲಾ ಅಂತ. 31 ವರ್ಷದ ಗಂಡಸಿಗೆ ಸಾಸಿವೆ ಡಬ್ಬಿ ಯಾವುದು ಅಂತ ಗೊತ್ತಿಲ್ಲ! ಅವನನ್ನು ಬೈದು ಏನು ಪ್ರಯೋಜನ, ಬೆಳೆಸಿದವಳು ನಾನೇ ಅಲ್ವಾ.

ಮೊದಲ ಮಗುವಿಗೆ ಕಾಯುತ್ತಿರುವ ಯಾವ ಜೋಡಿ ಸಿಕ್ಕಿದರೂ ಅಂದಿನಿಂದ ನಾನು ಹೇಳುವುದು ಒಂದೇ. ಈ ಒಂಬತ್ತು ತಿಂಗಳಲ್ಲಿ ಗಂಡ ಮನೆ ನಡೆಸುವುದನ್ನು ಕಲಿತುಬಿಡಬೇಕು. ಹಣ್ಣು ತಂದುಕೊಟ್ಟು ಕಾಲು ಒತ್ತಿದರೆ ಮುಗಿಯಲಿಲ್ಲ. ಅಕ್ಕಿ ಎಷ್ಟು ಉಳಿದಿದೆ, ಹಾಲಿನವನಿಗೆ ಎಷ್ಟು ಬಾಕಿ, ನೀರು ಯಾವ ದಿನ ಬರುತ್ತೆ, ಕೆಲಸದವಳು ಬರದಿದ್ದರೆ ಯಾರಿಗೆ ಹೇಳಬೇಕು, ಇವೆಲ್ಲ ಹೆಂಡತಿಯ ತಲೆಯಲ್ಲಿರುತ್ತವೆ. ಬಾಣಂತಿಯಾದ ಮೇಲೆ ಆ ತಲೆಗೆ ನಿದ್ದೆಯೇ ಇರುವುದಿಲ್ಲ. ಆಗ ಕಲಿಯುತ್ತೇನೆ ಅಂದರೆ ಆಗಲ್ಲ.

ಮೊದಲು ಅಡುಗೆಮನೆ. ಮೊದಲ ಮೂರು ತಿಂಗಳು ವಾಸನೆಯೇ ಶತ್ರು. ಒಗ್ಗರಣೆ, ಹುರಿಯುವುದು, ಕುಕ್ಕರ್ ಮುಚ್ಚಳ ತೆಗೆಯುವುದು, ಇವಿಷ್ಟೂ ಗಂಡನ ಪಾಲಿಗೆ ಹೋಗಲಿ. ಅವಳು ಸ್ನಾನಕ್ಕೆ ಹೋದಾಗಲೋ ಹೊರಗೆ ಕೂತಾಗಲೋ ಕಿಟಕಿ ತೆಗೆದಿಟ್ಟು ಮಾಡಿ ಮುಗಿಸಿ. ಬಿಸಿ ಬಿಸಿ ತಿನ್ನು ಅಂತ ಬಲವಂತ ಬೇಡ. ಬಿಸಿ ಅಡುಗೆಗೆ ವಾಸನೆ ಜಾಸ್ತಿ. ತಣ್ಣಗಿನ ಮೊಸರನ್ನ ಎಷ್ಟೋ ಸಲ ಒಳಗೆ ನಿಲ್ಲುತ್ತೆ. ದಿಂಬಿನ ಪಕ್ಕ ಒಂದು ಸಣ್ಣ ಡಬ್ಬಿಯಲ್ಲಿ ಪುರಿ, ಹುರಿಗಡಲೆ ಇಡಿ. ಬೆಳಿಗ್ಗೆ ಏಳುವ ಮೊದಲೇ ಮಲಗಿದಲ್ಲೇ ನಾಲ್ಕು ಕಾಳು ಅಗಿದು, ಹತ್ತು ನಿಮಿಷ ಬಿಟ್ಟು ನಿಧಾನವಾಗಿ ಎದ್ದರೆ ಹೊಟ್ಟೆ ತೊಳೆಸುವುದು ಕಡಿಮೆ. ಆಮೇಲೂ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನಾಲ್ಕನೇ ತಿಂಗಳ ಹೊತ್ತಿಗೆ ಹೆಚ್ಚಿನವರಿಗೆ ಇದು ತಾನಾಗಿ ಇಳಿಯುತ್ತದೆ. ಆದರೆ ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗಿದರೆ ಬಸುರಿಗೆ ಇದೆಲ್ಲ ಮಾಮೂಲು ಅಂತ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಡ್ರಿಪ್ ಬೇಕಾಗಬಹುದು.

ಇನ್ನು ಮಾತ್ರೆ. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ ಶುರುವಾಯಿತು. ದಿನಕ್ಕೊಂದು, ಕಡಿಮೆ ಅಂದರೂ 180 ದಿನ ತಿನ್ನಬೇಕು. ನಾನು ಅಲ್ಲಿದ್ದಷ್ಟು ದಿನ ಬೆಳಿಗ್ಗೆ ತಟ್ಟೆಯಲ್ಲಿ ದೋಸೆ, ಪಕ್ಕದಲ್ಲಿ ಮಾತ್ರೆ, ಲೋಟದಲ್ಲಿ ನನ್ನ ಕೈಯ ಫಿಲ್ಟರ್ ಕಾಫಿ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಒಂದೂವರೆ ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 9.6 ಇದ್ದದ್ದು 9.7. ಬಸುರಿಗೆ 11 ಆದರೂ ಇರಬೇಕು. ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಮಾತ್ರೆ ಯಾವುದರ ಜೊತೆ ತಗೋತೀರ?" ಕಾಫಿ, ಟೀ ಎರಡೂ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಹಾಲೂ ಹಾಗೆಯೇ, ಕ್ಯಾಲ್ಸಿಯಂ ಮಾತ್ರೆಯೂ ಹಾಗೆಯೇ. ಮಾರನೇ ದಿನದಿಂದ ಕಬ್ಬಿಣದ ಮಾತ್ರೆ ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ನಿಂಬೆ ಪಾನಕದ ಜೊತೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಎಂಟನೇ ತಿಂಗಳಿಗೆ 11 ದಾಟಿತು. ಮಲ ಕಪ್ಪಗೆ ಬರುವುದು ಈ ಮಾತ್ರೆಯಿಂದಲೇ, ಹೆದರಬೇಡಿ. ಮಲಬದ್ಧತೆಗೆ ನೀರು, ಸೊಪ್ಪು, ನೆನೆಸಿದ ಒಣದ್ರಾಕ್ಷಿ. ಮಾತ್ರೆ ನೆನಪಿಸುವ ಕೆಲಸ ಈಗ ಗಂಡನದು, ಅವನ ಫೋನಿನಲ್ಲೇ ಅಲಾರಾಂ ಇರಲಿ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಇಬ್ಬರ ಊಟ ಮಾಡು ಅನ್ನುವ ಮಾತು ಸುಳ್ಳು. ಎರಡು ಪಾಲು ಅನ್ನ ತಿಂದರೆ ಸಕ್ಕರೆ ಏರುತ್ತೆ, ಅಷ್ಟೇ. ನಮ್ಮ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಒಂದು ಹೊತ್ತು ಮುದ್ದೆ, ನುಗ್ಗೆಸೊಪ್ಪಿನ ಸಾರು, ಮೊಳಕೆ ಕಾಳು, ತಿನ್ನುವವರಿಗೆ ಮೊಟ್ಟೆ. ದುಬಾರಿ ಪುಡಿ ಡಬ್ಬಿಗಳು ಯಾರು ಹೇಳಿದರೂ ಬೇಡ. ಕೇಸರಿ ಹಾಲು ರುಚಿಗೆ ಕುಡಿಯಲಿ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಬಸುರಿಯಾಗಿದ್ದಾಗ ಅತ್ತೆ ತಿಂಗಳುಗಟ್ಟಲೆ ಕುಡಿಸಿದರು. ನನ್ನ ಮಗನನ್ನು ನೋಡಿದವರಿಗೆ ಗೊತ್ತು.

ಇಂಥ ಸಲಹೆಗಳ ಮಳೆಯೇ ಸುರಿಯುತ್ತೆ. ಪರಂಗಿ ಮುಟ್ಟಬೇಡ, ಗ್ರಹಣದ ದಿನ ಚಾಕು ಹಿಡಿಯಬೇಡ, ಕೈ ಮೇಲೆತ್ತಬೇಡ. ಎಲ್ಲದಕ್ಕೂ ಬಸುರಿಯೇ ಉತ್ತರ ಕೊಡುತ್ತಾ ಕೂತರೆ ಅವಳಿಗೆ ತಲೆನೋವು. ಗಂಡನ ಕಡೆಯವರ ಫೋನ್ ಗಂಡ ಎತ್ತಲಿ, ತವರಿನವರದ್ದು ಅವಳು ನೋಡಿಕೊಳ್ಳಲಿ. "ಡಾಕ್ಟರನ್ನ ಕೇಳಿ ಹೇಳ್ತೀನಿ ಅಮ್ಮ" ಅನ್ನುವ ಉತ್ತರವನ್ನು ನನ್ನ ಮಗ ನನಗೇ ಕೊಟ್ಟ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅನಿಸಿತು, ನನ್ನ ಕಾಲದಲ್ಲಿ ನಮ್ಮೆಜಮಾನರು ಅವರಮ್ಮನಿಗೆ ಹೀಗೆ ಒಂದು ಸಲ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ.

ಕಾಗದ ಪತ್ರಕ್ಕೆ ಒಂದೇ ಒಂದು ಫೈಲ್ ಮಾಡಿ. ತಾಯಿ ಕಾರ್ಡ್, ರಕ್ತದ ವರದಿ, ಸ್ಕ್ಯಾನ್, ಎಲ್ಲ ತಾರೀಖಿನ ಪ್ರಕಾರ. ಖಾಸಗಿ ಆಸ್ಪತ್ರೆಗೆ ಹೋಗುವವರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಮೊದಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ 5,000 ರೂಪಾಯಿ ಸಿಗುತ್ತೆ, ಅಂಗನವಾಡಿಯಲ್ಲಿ ವಿಚಾರಿಸಿ. ರಕ್ತದ ಗುಂಪು ನೆಗೆಟಿವ್ ಇದ್ದು ಗಂಡನದು ಪಾಸಿಟಿವ್ ಆಗಿದ್ದರೆ 28ನೇ ವಾರದ ಹೊತ್ತಿಗೆ ಒಂದು ಇಂಜೆಕ್ಷನ್ ಬೇಕಾಗುತ್ತೆ, ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಕೇಳಿ. ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. 1994ರಿಂದಲೇ ಅದಕ್ಕೆ ಕಾನೂನಿದೆ, ಕೇಳುವುದೂ ಅಪರಾಧ. ಕೆಲಸಕ್ಕೆ ಹೋಗುವವರಿಗೆ ಸಂಬಳದ ಜೊತೆ 26 ವಾರ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಸೊಸೆ ಎರಡೇ ವಾರ ತೆಗೆದುಕೊಂಡು ಉಳಿದದ್ದನ್ನು ಮಗುವಿಗೆ ಇಟ್ಟುಕೊಂಡಳು. ಜಾಣೆ.

ಜಗಳ ಬರುವುದು ಹೆರಿಗೆ ಎಲ್ಲಿ ಅನ್ನುವುದಕ್ಕೆ. ಮೊದಲ ಹೆರಿಗೆ ತವರಲ್ಲೇ ಅಂತ ದಾವಣಗೆರೆಯ ನಮ್ಮ ಬೀಗಿತ್ತಿ ಹಟ ಹಿಡಿದರು. ಅವರದ್ದೂ ತಪ್ಪಲ್ಲ, ಮಗಳ ಬಾಣಂತನ ಮಾಡುವ ಆಸೆ ಯಾವ ತಾಯಿಗಿಲ್ಲ? ಕೊನೆಗೆ ಬೀಗಿತ್ತಿಯೇ ಬೆಂಗಳೂರಿಗೆ ಬಂದು ಎರಡು ತಿಂಗಳು ಇರುವುದು, ನಾನು ಆಮೇಲೆ ಬರುವುದು ಅಂತ ಆಯಿತು. ಆರನೇ ತಿಂಗಳೊಳಗೆ ಇದನ್ನು ತೀರ್ಮಾನ ಮಾಡಿ. ಗಂಡ ಹೆಂಡತಿ ಮೊದಲು ತಾವಿಬ್ಬರೇ ಮಾತಾಡಿಕೊಂಡು, ಆಮೇಲೆ ಹಿರಿಯರ ಮುಂದೆ ಹೇಳಿ. ತವರಿಗೇ ಹೋಗುವುದಾದರೆ ಅಲ್ಲಿನ ಡಾಕ್ಟರಿಗೆ ಮುಂಚೆಯೇ ಒಂದು ಸಲ ಫೈಲ್ ತೋರಿಸಿ ಬನ್ನಿ. ನೋವು ಶುರುವಾದ ಮೇಲೆ ಹೊಸ ಡಾಕ್ಟರ ಮುಖ ನೋಡುವ ಹಾಗಾಗಬಾರದು.

ಸೀಮಂತ ಏಳನೇ ತಿಂಗಳಲ್ಲಿ ಮಾಡಿದೆವು. ಬೀಗಿತ್ತಿ ಅದನ್ನು ಕುಬುಸ ಅನ್ನುತ್ತಾರೆ. ಮಣೆ ತೆಗೆದು ಬೆನ್ನು ಒರಗುವ ಕುರ್ಚಿ ಹಾಕಿಸಿದೆ, ಹೊಗೆ ಹಾಕಲು ಬಿಡಲಿಲ್ಲ, ಒಂದೂವರೆ ಗಂಟೆಗೆ ಮುಗಿಸಿದೆ. ಬಳೆ ಒಂದಳತೆ ದೊಡ್ಡದೇ ತನ್ನಿ. ಮದುವೆ ಉಂಗುರವನ್ನು ಆಗಲೇ ತೆಗೆದಿಡಿ, ಆಮೇಲೆ ಬೆರಳು ದಪ್ಪವಾದರೆ ಸೋಪು ಹಾಕಿದರೂ ಬರಲ್ಲ. ಸಂಜೆ ಪಾದ ಸ್ವಲ್ಪ ಊದುವುದು ಇದ್ದದ್ದೇ. ಮುಖ, ಕೈ ಒಮ್ಮೆಲೇ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ಅದು ಬಿಪಿ. ಅವತ್ತೇ ಹೋಗಿ, ನಾಳೆ ಅನ್ನಬೇಡಿ. ರಕ್ತ ಕಂಡರೂ, ನೀರು ಹೋದರೂ, ಮಗುವಿನ ಓಡಾಟ ದಿನದಂತಿಲ್ಲ ಅನಿಸಿದರೂ ಅಷ್ಟೇ. ನಡುರಾತ್ರಿಯಾದರೂ ಸರಿ.

ಬಟ್ಟೆಗೆ ಹಳೇ ಕಾಟನ್ ಸೀರೆಗಿಂತ ಮೆತ್ತಗಿನದು ಇಲ್ಲ. ಜರಿ, ಅಂಚು ಕತ್ತರಿಸಿ ತೆಗೆದರೂ ಒಂದು ಸೀರೆಯಲ್ಲಿ ಅರ್ಧ ಮೀಟರಿನ ಚೌಕ ಹತ್ತು ಹನ್ನೆರಡು ಸಿಗುತ್ತವೆ. ಬಿಸಿನೀರಲ್ಲಿ ಒಗೆದು, ಚುರುಕು ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕಟ್ಟಿಡಿ. ನನ್ನ ಎರಡು ಸೀರೆ ಹೋದವು. ಮಗ ಕೂತು ಕತ್ತರಿಸಿದ, ಚೌಕಗಳು ಸೊಟ್ಟಗೇ ಬಂದವು. ನಡೆಯುತ್ತೆ.

ಎಂಟನೇ ತಿಂಗಳಲ್ಲಿ ಬ್ಯಾಗ್ ಕಟ್ಟಿ ಫೈಲ್ ಜೊತೆ ಬಾಗಿಲ ಹತ್ತಿರ ಇಡಿ. ಮುಂದೆ ಬಿಚ್ಚುವ ನೈಟಿ, ದೊಡ್ಡ ಪ್ಯಾಡು, ಮಗುವಿಗೆ ಕುಲಾವಿ, ನಿಮ್ಮಿಬ್ಬರ ಆಧಾರ್, ಫೋನಿನ ಚಾರ್ಜರ್. 108ಕ್ಕೆ ಕರೆ ಮಾಡುವುದು ಮನೆಯ ಎಲ್ಲರಿಗೂ ಗೊತ್ತಿರಲಿ. ಇನ್ನೊಂದು ಕೆಲಸವಿದೆ, ಯಾರೂ ಹೇಳಿಕೊಡಲ್ಲ. ಒಂದು ರಾತ್ರಿ ಹನ್ನೊಂದರ ಮೇಲೆ ಗಂಡ ಒಬ್ಬನೇ ಆಸ್ಪತ್ರೆವರೆಗೆ ಗಾಡಿ ಓಡಿಸಿಕೊಂಡು ಹೋಗಿ ಬರಲಿ. ಮಗ ಸುಮ್ನೆ ನಾನು ಪೀಡಿಸಿದ್ದಕ್ಕೆ ಗೊಣಗುತ್ತಾ ಹೊರಟ. ಮುಂದಿನ ಗೇಟಿಗೆ ಬೀಗ. ಕಾವಲಿನವನು ಪಕ್ಕದ ಓಣಿಯ ಕಡೆ ಕೈ ತೋರಿಸಿದ. ರಾತ್ರಿ ಹೊತ್ತು ಒಳಗೆ ಹೋಗುವುದು ಅಲ್ಲಿಂದ. ಮೂರು ವಾರ ಕಳೆದು ಬೆಳಗಿನ ಜಾವ ಎರಡೂವರೆಗೆ ನೋವು ಶುರುವಾದಾಗ ಅವನು ಯಾರನ್ನೂ ಕೇಳದೆ ನೇರ ಆ ಓಣಿಗೇ ಗಾಡಿ ತಿರುಗಿಸಿದ.