ತಜ್ಞರ ಬಾಯಲ್ಲಿ ಬೇರೆಯವರ ಮಾತು: ಶಿಕ್ಷೆಯನ್ನು ಪ್ರಶ್ನಿಸುವುದು ಹೇಗೆ?

ಕ್ಯಾಲಿಫೋರ್ನಿಯಾದ ಗ್ಯಾಂಗ್ ಕೇಸುಗಳಲ್ಲಿ ಪೊಲೀಸ್ ಅಧಿಕಾರಿಯೇ ತಜ್ಞರಾಗಿ ಕಟಕಟೆ ಹತ್ತುವುದು ಮಾಮೂಲು. ಆರೋಪಿ ಇಂಥ ಗ್ಯಾಂಗಿನವನು ಎನ್ನುತ್ತಾರೆ. ಗೊತ್ತಾಗಿದ್ದು ಹೇಗೆ? ಎಷ್ಟೋ ಸಲ, ಬೇರೆ ಪೊಲೀಸರು ಬರೆದ ವರದಿ ಓದಿ. ವರದಿ ಬರೆದವರು ಕೋರ್ಟಿಗೇ ಬರದಿದ್ದರೆ ಪಾಟಿ ಸವಾಲು ಮಾಡುವುದು ಯಾರನ್ನು? ತನ್ನ ವಿರುದ್ಧದ ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಹಕ್ಕನ್ನು ಅಮೆರಿಕದ ಸಂವಿಧಾನದ 6ನೇ ತಿದ್ದುಪಡಿ ಕೊಟ್ಟಿದೆ. ಮೇಲ್ಮನವಿಗೆ ಅದೇ ಆಧಾರ.

ಮೊದಲು ಗಡುವು ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾದರೆ 60 ದಿನದೊಳಗೆ ಮೇಲ್ಮನವಿಯ ನೋಟಿಸ್ ಸಲ್ಲಿಸಬೇಕು. ಫೆಡರಲ್ ಕೇಸಾದರೆ, ಅಂದರೆ ರಾಜ್ಯದ್ದಲ್ಲದೆ ಕೇಂದ್ರದ ಕೋರ್ಟಿನ ಕೇಸಾದರೆ, 14 ದಿನ ಅಷ್ಟೇ. ಫೀಸು ಕೊಡಲಾಗದವರಿಗೆ ಮೊದಲ ಮೇಲ್ಮನವಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ.

ಆಮೇಲೆ ವಿಚಾರಣೆಯ ಪೂರ್ತಿ ದಾಖಲೆ ತರಿಸಿಕೊಂಡು ಕೂರಬೇಕು. ಕೇಸಿನ ಜೀವ ಇರುವುದು ಇಲ್ಲೇ. ತಜ್ಞರು ಆಡಿದ ಒಂದೊಂದು ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಇವರಿಗೆ ಹೇಗೆ ಗೊತ್ತು? ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2016ರ ಸ್ಯಾಂಚೆಜ್ ತೀರ್ಪಿನಲ್ಲಿ ಗೆರೆ ಎಳೆದು ತೋರಿಸಿದೆ. ವಜ್ರದ ಗುರುತು ಇಂಥ ಗ್ಯಾಂಗಿನ ಚಿಹ್ನೆ ಎಂದು ತಜ್ಞರು ಹೇಳಬಹುದು. ಅದು ಅವರ ವಿಷಯದ ತಿಳಿವಳಿಕೆ. ಆರೋಪಿಯ ಜೊತೆಗಾರನ ತೋಳಿನ ಮೇಲೆ ಆ ಹಚ್ಚೆ ಇತ್ತು ಅನ್ನುವುದು ಈ ಕೇಸಿನದೇ ಸಂಗತಿ. ಅದನ್ನು ಕಣ್ಣಾರೆ ಕಂಡವರು ಬಂದು ಹೇಳಬೇಕು, ಇಲ್ಲವೇ ಅಸಲಿ ಎಂದು ದೃಢಪಟ್ಟ ಫೋಟೋ ಇರಬೇಕು. ಹೀಗೆ ಬೇರೆಯವರಿಂದ ಎರವಲು ತಂದ ವಾಕ್ಯಗಳಿಗೆಲ್ಲ ಗುರುತು ಹಾಕಿಕೊಳ್ಳಿ.

ಲ್ಯಾಬ್ ವರದಿಗೂ ಇದೇ ಮಾತು. ಪರೀಕ್ಷೆ ಮಾಡಿದವರ ಬದಲು ಇನ್ನೊಬ್ಬರು ಬಂದು, ಅವರ ಟಿಪ್ಪಣಿ ನಂಬಿ ಅಭಿಪ್ರಾಯ ಕೊಟ್ಟರೆ? ಟಿಪ್ಪಣಿ ನಿಜವಾಗಿದ್ದರೆ ಮಾತ್ರ ಆ ಅಭಿಪ್ರಾಯ ನಿಲ್ಲುತ್ತದೆ, ಅಲ್ವಾ? ಹಾಗಾಗಿ ಆ ಟಿಪ್ಪಣಿಯೇ ನಿಜವೆಂದು ಸಾಕ್ಷ್ಯವಾಗಿ ಬಂದಂತೆ ಎಂದು 2024ರಲ್ಲಿ ಸ್ಮಿತ್ ವಿರುದ್ಧ ಅರಿಜೋನಾ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಷ್ಟೇ ಸಾಲದು. ಆ ಬರಹ ಕೋರ್ಟಿನಲ್ಲಿ ಬಳಸುವ ಉದ್ದೇಶದಿಂದಲೇ ಹುಟ್ಟಿದ್ದು ಎಂದೂ ತೋರಿಸಬೇಕು.

ವಿಚಾರಣೆಯ ವೇಳೆ ವಕೀಲರು ಆಕ್ಷೇಪ ಎತ್ತಿದ್ದರೇ? ಎತ್ತದಿದ್ದರೆ ದಾರಿ ಕಡಿದಾಗುತ್ತದೆ. ಆಗ ವಕೀಲರ ಸೇವೆಯೇ ಕಳಪೆಯಾಗಿತ್ತು, ಅದರಿಂದ ಫಲಿತಾಂಶಕ್ಕೇ ಪೆಟ್ಟು ಬಿತ್ತು ಎಂದು 1984ರ ಸ್ಟ್ರಿಕ್‌ಲ್ಯಾಂಡ್ ತೀರ್ಪಿನ ಪ್ರಕಾರ ವಾದಿಸಬೇಕಾಗುತ್ತದೆ.

ತಪ್ಪು ನಡೆದಿದೆ ಎಂದು ಒಪ್ಪಿಸಿದ ಮೇಲೂ ಮೇಲ್ಮನವಿ ಬಿದ್ದುಹೋಗಬಹುದು. ತಪ್ಪಿನಿಂದ ಫಲಿತಾಂಶ ಬದಲಾಗಲಿಲ್ಲ ಎಂದು ಕೋರ್ಟ್ ಅಂದರೆ ಮುಗೀತು. ಸಂವಿಧಾನದ ಹಕ್ಕಿಗೇ ಧಕ್ಕೆಯಾಗಿದ್ದರೆ, ತಪ್ಪಿನಿಂದ ಹಾನಿಯಾಗಿಲ್ಲ ಎಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸುವ ಹೊಣೆ ಪ್ರಾಸಿಕ್ಯೂಷನ್‌ದು. ಇದು 1967ರ ಚಾಪ್‌ಮನ್ ತೀರ್ಪಿನ ನಿಯಮ. ಬರೀ ರಾಜ್ಯದ ಸಾಕ್ಷ್ಯ ಕಾನೂನಿನ ತಪ್ಪಾದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಅದಕ್ಕೇ ಸಂವಿಧಾನದ ವಾದವನ್ನು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಬೇಡಿ. ಪ್ರಾಸಿಕ್ಯೂಟರ್ ಕೊನೆಯ ವಾದದಲ್ಲಿ ಆ ಎರವಲು ಮಾತನ್ನೇ ಎತ್ತಿ ಆಡಿದ್ದರೆ, ಅದರ ಬಗ್ಗೆಯೇ ಜ್ಯೂರಿ (ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ನಾಗರಿಕರ ತಂಡ) ನ್ಯಾಯಾಧೀಶರಿಗೆ ಚೀಟಿ ಕಳಿಸಿ ಕೇಳಿದ್ದರೆ, ಆ ಪುಟಗಳನ್ನು ಎಲ್ಲಕ್ಕಿಂತ ಮುಂದೆ ಇಡಿ.

ಗೆದ್ದರೂ ಕೂಡಲೇ ಬಿಡುಗಡೆ ಎಂದುಕೊಳ್ಳಬೇಡಿ. ಕೆಲವೊಮ್ಮೆ ಗ್ಯಾಂಗ್ ಕಾರಣಕ್ಕೆ ಸೇರಿಸಿದ ಹೆಚ್ಚುವರಿ ಶಿಕ್ಷೆ ಮಾತ್ರ ರದ್ದಾಗುತ್ತದೆ. ಅಪರಾಧದ ತೀರ್ಪೇ ರದ್ದಾದರೂ ಸಾಮಾನ್ಯವಾಗಿ ಮರು ವಿಚಾರಣೆಗೆ ಅವಕಾಶ ಇರುತ್ತದೆ.