ಬನಿಯನ್ ಶಸ್ತ್ರಚಿಕಿತ್ಸೆ: ವೈದ್ಯರು ನೆಟ್‌ವರ್ಕ್‌ನಲ್ಲಿದ್ದರು, ಕಟ್ಟಡ ಇರಲಿಲ್ಲ

ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿ, ಅದರ ಬುಡದ ಮೂಳೆ ಗಂಟಿನಂತೆ ಹೊರಚಾಚುವುದನ್ನು ಅಮೆರಿಕದಲ್ಲಿ ಬನಿಯನ್ ಎನ್ನುತ್ತಾರೆ. ಅದಕ್ಕೆ ಆಪರೇಷನ್ ಎಂದು ಫೋನಿನಲ್ಲಿ ತಿಳಿಸಿದಾಗ, ಮೈಸೂರಿನಲ್ಲಿದ್ದ ನನ್ನ ತಾಯಿ ಒಳಂಗಿಗೆ ಎಂಥ ಆಪರೇಷನ್ ಎಂದು ನಕ್ಕಿದ್ದರು. ಬಿಲ್ ಕೈಸೇರುವವರೆಗೆ ನಾವೂ ನಗುತ್ತಿದ್ದೆವು. ನ್ಯೂಜೆರ್ಸಿಗೆ ಹೊಸದಾಗಿ ಬಂದ ಇಬ್ಬರು ಪರಿಚಿತರು ನಾನು ಬಿದ್ದ ಹಳ್ಳದ ಕಡೆಗೇ ಈ ವರ್ಷ ಹೊರಟಿದ್ದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಡಿಡಕ್ಟಿಬಲ್, ಕೋಪೇ ಎಂದರೇನು ಎಂಬುದನ್ನು ಕಚೇರಿಯವರು ಮೊದಲ ವಾರದಲ್ಲೇ ಹೇಳಿರುತ್ತಾರಾದ್ದರಿಂದ ಆ ಪಾಠವನ್ನು ಬಿಡುತ್ತೇನೆ.

ಪಾದದ ಅಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ವಿಮೆ ಹಣ ಕೊಡುವುದಿಲ್ಲ. ನೋವಿನಿಂದ ನಡಿಗೆಗೆ ತೊಂದರೆಯಾಗಿದೆ, ಅಗಲ ಮೂತಿಯ ಶೂ, ಪ್ಯಾಡ್, ಶೂ ಒಳಗಿಡುವ ಆರ್ಥೋಟಿಕ್ಸ್‌ಗಳನ್ನು ಕೆಲವು ತಿಂಗಳು ಬಳಸಿಯೂ ಗುಣ ಕಾಣಲಿಲ್ಲ ಎಂಬುದು ವೈದ್ಯರ ಟಿಪ್ಪಣಿಯಲ್ಲಿ ದಾಖಲಾಗಿರಬೇಕು. ನಿಂತ ಭಂಗಿಯಲ್ಲಿ ತೆಗೆದ ಎಕ್ಸ್-ರೇ ಜೊತೆಗಿರಬೇಕು. ನೋವು ಹೇಗಿದೆ ಎಂದು ಕೇಳಿದರೆ "ಪರವಾಗಿಲ್ಲ" ಎನ್ನುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ, ಏಕೆಂದರೆ ಆ ಸೌಜನ್ಯದ ಮಾತೇ ಕಡತಕ್ಕೆ ಹೋಗಿ, ಚಿಕಿತ್ಸೆ ಅನಗತ್ಯವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ವೈದ್ಯರು ನಮ್ಮ ವಿಮೆಯ ನೆಟ್‌ವರ್ಕ್‌ನಲ್ಲಿ, ಎಂದರೆ ವಿಮಾ ಕಂಪನಿಯೊಂದಿಗೆ ದರದ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿ, ಇದ್ದಾರೆಂದು ಎರಡು ಬಾರಿ ಖಚಿತಪಡಿಸಿಕೊಂಡಿದ್ದೆ. ಪ್ರಯರ್ ಆಥರೈಸೇಶನ್, ಎಂದರೆ ವಿಮಾ ಕಂಪನಿಯ ಮುಂಗಡ ಒಪ್ಪಿಗೆ, ಮಂಜೂರಾದ ಪತ್ರವೂ ಮನೆಗೆ ಬಂದಿತ್ತು. ಪತ್ರದ ಮೊದಲ ಸಾಲಿನಲ್ಲಿ ವೈದ್ಯರ ಹೆಸರಿತ್ತು. ಅದರ ಕೆಳಗೆ ಚಿಕಿತ್ಸೆ ಯಾವುದೆಂದು ಗುರುತಿಸುವ 28296 ಎಂಬ ಸಿಪಿಟಿ ಸಂಕೇತ, ಎಂದರೆ ಪಾದದ ಮೂಳೆಯನ್ನು ಬೆರಳಿಗೆ ಹತ್ತಿರದ ತುದಿಯಲ್ಲಿ ಕೊಯ್ದು ಸರಿಪಡಿಸುವ ವಿಧಾನ. ಅದಕ್ಕೂ ಕೆಳಗೆ ಶಸ್ತ್ರಚಿಕಿತ್ಸಾ ಕೇಂದ್ರದ ಹೆಸರು, ಅದರ ಮುಂದೆ ಸಣ್ಣ ಅಕ್ಷರಗಳಲ್ಲಿ ಔಟ್ ಆಫ್ ನೆಟ್‌ವರ್ಕ್ ಎಂಬ ಪದಗಳು. ಮಂಜೂರಾಗಿದೆ ಎಂಬುದನ್ನು ಓದಿದ ಸಂತೋಷದಲ್ಲಿ ಪತ್ರವನ್ನು ಮಡಚಿ ಡ್ರಾಯರಿನಲ್ಲಿಟ್ಟೆ. ಈ ದೇಶದಲ್ಲಿ ವೈದ್ಯರ ಬಿಲ್ ಬೇರೆ, ಅರಿವಳಿಕೆಯವರ ಬಿಲ್ ಬೇರೆ, ಕೊಯ್ಯುವ ಕಟ್ಟಡದ ಬಿಲ್ ಬೇರೆ; ಅವುಗಳಲ್ಲಿ ಸಾಮಾನ್ಯವಾಗಿ ದೊಡ್ಡದು ಕಟ್ಟಡದ್ದೇ. ಒಬ್ಬರೇ ವೈದ್ಯರು ಮೂರು ಕಡೆ ಶಸ್ತ್ರಚಿಕಿತ್ಸೆ ಮಾಡುತ್ತಿರಬಹುದು, ಆ ಮೂರರಲ್ಲಿ ಒಂದು ಮಾತ್ರ ನಿಮ್ಮ ನೆಟ್‌ವರ್ಕ್‌ನಲ್ಲಿರಬಹುದು.

ಕೇಂದ್ರ ಕೇಳಿದ್ದು 24,000 ಡಾಲರ್. ವಿಮಾ ಕಂಪನಿ ಒಪ್ಪಿದ ದರ 9,000. ನೆಟ್‌ವರ್ಕ್‌ನ ಹೊರಗಿನ ಚಿಕಿತ್ಸೆಗೆಂದೇ ಇರುವ, ಮೊದಲು ನಾನೇ ಭರಿಸಬೇಕಾದ ಪ್ರತ್ಯೇಕ ಡಿಡಕ್ಟಿಬಲ್ 5,000, ಉಳಿದ 4,000ದಲ್ಲಿ ನನ್ನ ಪಾಲು ಶೇ. 40. ಅಂತೂ ಕಂಪನಿ ಕೊಟ್ಟದ್ದು 2,400 ಡಾಲರ್. ಉಳಿದ 21,600 ನನ್ನ ಹೆಸರಿಗೆ ಬಂತು. ಕುಂಟುತ್ತಲೇ ಐದು ತಿಂಗಳು ಫೋನಿನಲ್ಲಿ ಚೌಕಾಸಿ ಮಾಡಿ ಅದನ್ನು 8,500ಕ್ಕೆ ಇಳಿಸಿದೆ. ಅಷ್ಟು ಹಣವನ್ನು ಅಂದು ಬೇರೆ ಕಟ್ಟಡಕ್ಕೆ ಹೋಗಿದ್ದರೆ ಕೊಡಬೇಕಿರಲಿಲ್ಲ. ನನ್ನದು ನೆಟ್‌ವರ್ಕ್‌ನ ಹೊರಗೂ ಸ್ವಲ್ಪ ಹಣ ಕೊಡುವ ಪಿಪಿಒ ಯೋಜನೆಯಾದ್ದರಿಂದ ಆ 2,400 ಆದರೂ ಸಿಕ್ಕಿತು. ನೆಟ್‌ವರ್ಕ್‌ಗಷ್ಟೇ ಸೀಮಿತವಾದ ಎಚ್‌ಎಂಒ ಅಥವಾ ಇಪಿಒ ಯೋಜನೆಯವರಿಗೆ ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಒಂದು ಕಾಸೂ ಸಿಗುವುದಿಲ್ಲ.

"ನೋ ಸರ್ಪ್ರೈಸಸ್ ಕಾಯ್ದೆ ಇದೆಯಲ್ಲ" ಎಂದು ಹಲವರು ಸಮಾಧಾನ ಹೇಳಿದರು. 2022ರ ಜನವರಿಯಿಂದ ಜಾರಿಯಲ್ಲಿರುವ ಆ ಕಾಯ್ದೆ ಒಳ್ಳೆಯದೇ. ನೆಟ್‌ವರ್ಕ್‌ನಲ್ಲಿರುವ ಆಸ್ಪತ್ರೆಗೆ ಹೋದಾಗ ಅಲ್ಲಿ ಅರಿವಳಿಕೆ ಕೊಟ್ಟವರು ಹೊರಗಿನವರಾಗಿದ್ದರೆ, ಅವರು ಹೆಚ್ಚಿನ ಹಣ ಕೇಳದಂತೆ ಅದು ತಡೆಯುತ್ತದೆ. ಆದರೆ ತುರ್ತಲ್ಲದ ಚಿಕಿತ್ಸೆಗೆ ನೀವು ಹೋದ ಕೇಂದ್ರವೇ ಹೊರಗಿನದಾಗಿದ್ದರೆ ಆ ರಕ್ಷಣೆ ಅನ್ವಯಿಸುವುದಿಲ್ಲ. ವರ್ಷದಲ್ಲಿ ನಾವು ಕೈಯಿಂದ ಕೊಡಬೇಕಾದ ಹಣಕ್ಕಿರುವ ಔಟ್ ಆಫ್ ಪಾಕೆಟ್ ಮಿತಿಯ ಕಥೆಯೂ ಇದೇ: 2025ರಲ್ಲಿ ಒಬ್ಬರಿಗೆ 9,200 ಡಾಲರ್ ಎಂದು ಕಾನೂನು ಹಾಕಿದ್ದ ಮೇಲ್ಮಿತಿ ನೆಟ್‌ವರ್ಕ್‌ನ ಒಳಗಿನ ಖರ್ಚಿಗಷ್ಟೇ ಸಂಬಂಧಿಸಿದ್ದು.

ಆದ್ದರಿಂದ ವೈದ್ಯರ ಕಚೇರಿಗೆ ಫೋನ್ ಮಾಡಿ, ಯಾವ ಕಟ್ಟಡದಲ್ಲಿ ಶಸ್ತ್ರಚಿಕಿತ್ಸೆ ಎಂಬುದನ್ನು ವಿಳಾಸದ ಸಮೇತ ಕೇಳಿ ಬರೆದುಕೊಳ್ಳಿ. ಆ ಕೇಂದ್ರವನ್ನು ಗುರುತಿಸುವ ಎನ್‌ಪಿಐ ಮತ್ತು ಟ್ಯಾಕ್ಸ್ ಐಡಿ ಸಂಖ್ಯೆಗಳನ್ನೂ ಸಿಪಿಟಿ ಸಂಕೇತವನ್ನೂ ಪಡೆದು, ನಂತರ ವಿಮಾ ಕಂಪನಿಗೆ ಕರೆಮಾಡಿ, ಆ ಕೇಂದ್ರ ನೆಟ್‌ವರ್ಕ್‌ನಲ್ಲಿದೆಯೇ ಎಂದು ಕೇಳಿ. "ನಿಮ್ಮ ಇನ್ಶೂರೆನ್ಸ್ ತೆಗೆದುಕೊಳ್ಳುತ್ತೇವೆ" ಎಂದು ಸ್ವಾಗತದ ಮೇಜಿನವರು ಹೇಳುವ ಮಾತಿಗೂ ನೆಟ್‌ವರ್ಕ್‌ನಲ್ಲಿದ್ದೇವೆ ಎಂಬ ಮಾತಿಗೂ ಅಜಗಜಾಂತರವಿದೆ; ನಾನು ಕೆಟ್ಟದ್ದು ಮೊದಲನೆಯ ಮಾತನ್ನು ನಂಬಿಯೂ ಹೌದು. ಕರೆಯ ರೆಫರೆನ್ಸ್ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ, ಕಂಪನಿಯ ಡೈರೆಕ್ಟರಿಯಲ್ಲಿ ಕೇಂದ್ರದ ಹೆಸರು ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಡೈರೆಕ್ಟರಿಯ ಮಾಹಿತಿಯೇ ತಪ್ಪಾಗಿದ್ದು ನೀವು ಅದನ್ನು ನಂಬಿ ಹೋಗಿದ್ದರೆ, ಒಳಗಿನ ದರದ ಪಾಲನ್ನಷ್ಟೇ ವಿಧಿಸಬೇಕೆಂದು ಕಾನೂನಿದೆ. ವಿಮೆ ನಿರಾಕರಿಸಿದರೆ ಮೇಲ್ಮನವಿಗೆ 180 ದಿನಗಳ ಕಾಲಾವಕಾಶವಿದೆ. ಮೊದಲ ನಿರಾಕರಣೆಗೇ ಸೋತು ಕೂರಬೇಡಿ.

ಈ ವಿಷಯದಲ್ಲಿ ನಮ್ಮೂರಿನ ಪದ್ಧತಿಯೇ ಮೇಲೆಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗದವರ ಮೇಲೆ ದೂರುಗಳು ಸಾಕಷ್ಟಿವೆ, ರೂಮಿನ ದರ್ಜೆ ಏರಿದಂತೆ ಎಲ್ಲ ಖರ್ಚೂ ಏರುವುದು ನಿಜ. ಆದರೂ ವೈದ್ಯರು, ಅರಿವಳಿಕೆ, ಥಿಯೇಟರ್ ಎಲ್ಲವೂ ಸೇರಿದ ಪ್ಯಾಕೇಜಿನ ಅಂದಾಜನ್ನು ಒಂದೇ ಹಾಳೆಯಲ್ಲಿ ಮುಂಚೆಯೇ ಕೊಡುತ್ತಾರೆ. ಹಾಗೆಂದು ಊರಿಗೆ ಹೋಗಿ ಮಾಡಿಸಿಕೊಂಡು ಬರುವ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಮೂಳೆ ಕೂಡಲು ವಾರಗಟ್ಟಲೆ ಬೇಕು, ಮರುತಪಾಸಣೆಗಳು ತಪ್ಪುವುದಿಲ್ಲ, ಕಾಲಿನ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ದೀರ್ಘ ವಿಮಾನ ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ.

ಬಲಗಾಲಾದರೆ ವಾರಗಟ್ಟಲೆ ಕಾರು ಓಡಿಸುವಂತಿಲ್ಲ. ಮಂಡಿಯೂರಿ ತಳ್ಳಿಕೊಂಡು ಹೋಗುವ ಸ್ಕೂಟರಿಗೆ ಹಲವು ವಿಮೆಗಳು ಹಣ ಕೊಡುವುದಿಲ್ಲ. ಬಾಡಿಗೆಗೆ ತರುವುದು ಸುಲಭ.

ಎಡಗಾಲನ್ನು ಮರುವರ್ಷ ಮಾರ್ಚ್‌ನಲ್ಲಿ ಅದೇ ವೈದ್ಯರ ಕೈಯಲ್ಲೇ, ಹನ್ನೊಂದು ಮೈಲಿ ಆಚೆಗಿನ ಇನ್ನೊಂದು ಕೇಂದ್ರದಲ್ಲಿ ಮಾಡಿಸಿಕೊಂಡೆ. ಮೂರೂ ಬಿಲ್ಲುಗಳು ಸೇರಿ ನನ್ನ ಪಾಲಿಗೆ ಬಂದದ್ದು 3,150 ಡಾಲರ್.