ಲೋಳೆಸರ ಹಚ್ಚುವ ಮುಂಚೆ ಹಳದಿ ಸೋರಲಿ

ಕುದಿಯುತ್ತಿದ್ದ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಬಡಿದು ನನ್ನ ಮುಂಗೈ ಕೆಂಪಗಾಗಿತ್ತು. ಓಡಿಹೋಗಿ ಕುಂಡದ ಲೋಳೆಸರದ ಎಲೆ ಮುರಿದು, ಮುರಿದ ತುದಿಯನ್ನೇ ಉಜ್ಜಿಕೊಂಡೆ. ಸ್ವಲ್ಪ ಹೊತ್ತಿಗೆ ಉರಿಯ ಜೊತೆ ತುರಿಕೆಯೂ ಸೇರಿತು. ಗಿಡದ್ದೇನೂ ತಪ್ಪಿರಲಿಲ್ಲ. ನಾನು ಹಚ್ಚಿಕೊಂಡದ್ದು ಲೋಳೆಯನ್ನಲ್ಲ, ಸಿಪ್ಪೆಯಡಿಯ ಹಳದಿ ರಸವನ್ನು. ಸುಟ್ಟ ಜಾಗಕ್ಕೆ ನೀರು ಹಾಕುವುದನ್ನೂ ಮರೆತಿದ್ದೆ.

ಸುಟ್ಟ ತಕ್ಷಣ ಓಡಬೇಕಾದದ್ದು ನಲ್ಲಿಯ ಹತ್ತಿರ, ಗಿಡದ ಹತ್ತಿರ ಅಲ್ಲ. ಊತ ಬರುವ ಮುಂಚೆ ಉಂಗುರ, ಗಡಿಯಾರ ಬಿಚ್ಚಿ, ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಚರ್ಮದೊಳಗೆ ಉಳಿದ ಬಿಸಿ ಇಳಿಯಲು ಅಷ್ಟು ಹೊತ್ತು ಬೇಕು. ಐಸ್ ಇಡಬೇಡಿ, ನೊಂದ ಚರ್ಮ ಇನ್ನಷ್ಟು ಹಾಳಾಗುತ್ತದೆ. ಲೋಳೆಸರ ಏನಿದ್ದರೂ ಆಮೇಲೆ. ಅದೂ ಚರ್ಮ ಬರೀ ಕೆಂಪಾಗಿದ್ದು, ಬಿರಿಯದೆ ಇದ್ದರೆ ಮಾತ್ರ. ಬೊಬ್ಬೆ ಎದ್ದಿದ್ದರೆ, ಮುಖ ಅಥವಾ ಕೀಲಿನ ಮೇಲೆ ಸುಟ್ಟಿದ್ದರೆ, ಗಾಯ ನಿಮ್ಮ ಅಂಗೈಗಿಂತ ದೊಡ್ಡದಾಗಿದ್ದರೆ ಮನೆಮದ್ದು ಬಿಟ್ಟು ವೈದ್ಯರ ಹತ್ತಿರ ಹೋಗಿ. ಚಿಕ್ಕ ಮಕ್ಕಳದ್ದಾದರೆ ಯೋಚನೆ ಮಾಡುತ್ತಾ ಕೂರಲೇಬೇಡಿ.

ಎಲೆ ಆರಿಸುವಾಗ ಹೊರಸುತ್ತಿನ ದಪ್ಪ, ಬಲಿತ ಎಲೆಗೆ ಕೈ ಹಾಕಿ, ಹರಿತವಾದ ಚಾಕುವಿನಿಂದ ಬುಡಕ್ಕೇ ಕತ್ತರಿಸಿ. ನಡುವಿನ ಎಳೆ ಎಲೆಗಳನ್ನು ಬಿಡಿ, ಗಿಡ ಬೆಳೆಯುವುದೇ ಅಲ್ಲಿಂದ.

ಈಗ ಆ ಎಲೆಯನ್ನು ಕತ್ತರಿಸಿದ ಭಾಗ ಕೆಳಗಾಗುವಂತೆ ಒಂದು ಲೋಟದಲ್ಲಿ ನಿಲ್ಲಿಸಿ. ಹತ್ತಿರದಿಂದ ನೋಡಿ: ನಡುಭಾಗ ಗಾಜಿನಂತೆ ತಿಳಿಯಾಗಿದೆ, ಹಸಿರು ಸಿಪ್ಪೆಗೆ ಅಂಟಿಕೊಂಡ ಅಂಚಿನಲ್ಲಿ ಮಾತ್ರ ಹಳದಿ ಜಿನುಗುತ್ತಿದೆ. ಅದರ ಘಾಟು ಮೂಗಿಗೆ ಬಡಿಯುತ್ತದೆ, ಬೆರಳಿಗೆ ತಾಗಿದರೆ ಕಲೆ ಉಳಿಯುತ್ತದೆ. ಹೊಟ್ಟೆಗೆ ಹೋದರೆ ಭೇದಿ ಮಾಡಿಸುವ ಅಲೋಯಿನ್ ಎಂಬ ಕಹಿ ವಸ್ತು ಇರುವುದು ಇದರಲ್ಲೇ. ಕಾಲು ಗಂಟೆ ಸೋರಲು ಬಿಟ್ಟು ಎಲೆ ತೊಳೆಯಿರಿ. ಎರಡೂ ಬದಿಯ ಮುಳ್ಳಂಚು ಕತ್ತರಿಸಿ, ಎಲೆಯನ್ನು ಅಂಗಾತ ಮಲಗಿಸಿ, ಮೇಲಿನ ಸಿಪ್ಪೆಯಡಿ ಚಾಕು ತೂರಿಸಿ ಸವರಿಕೊಂಡು ಹೋಗಿ. ಚಮಚದಿಂದ ಲೋಳೆ ಎತ್ತಿ ಇನ್ನೊಮ್ಮೆ ತೊಳೆಯಿರಿ. ಎಲ್ಲಾದರೂ ಹಳದಿ ಕಂಡರೆ ಆ ಚೂರನ್ನು ಎಸೆದುಬಿಡಿ, ಜಿಪುಣತನ ಬೇಡ.

ತೆಳುವಾಗಿ ಹಚ್ಚಿ, ತಾನಾಗಿ ಒಣಗಲಿ. ದಿನಕ್ಕೆ ಎರಡು ಮೂರು ಸಲ ಸಾಕು. ಉಜ್ಜಬೇಡಿ. ಲೋಳೆಯಲ್ಲಿ ಹೆಚ್ಚೂಕಡಿಮೆ ಎಲ್ಲವೂ ನೀರೇ, ಹಾಗಾಗಿ ತಂಪು ತಕ್ಷಣ ಗೊತ್ತಾಗುತ್ತದೆ. ಲೋಳೆಸರ ಕೆಲವರಿಗೆ ಒಗ್ಗುವುದಿಲ್ಲ. ಆದ್ದರಿಂದ ಏನೂ ಸುಡದೆ ಇರುವ ದಿನವೇ ಮೊಣಕೈ ಒಳಮಡಿಕೆಗೆ ಒಂದು ಚುಕ್ಕಿ ಹಚ್ಚಿ ಒಂದು ದಿನ ಕಾದು ನೋಡಿಕೊಳ್ಳಿ.

ಕುಡಿಯಬಹುದೇ ಅಂತ ಬಹಳ ಜನ ಕೇಳುತ್ತಾರೆ. ಮನೆಯಲ್ಲಿ ತೆಗೆದದ್ದನ್ನು ಕುಡಿಯಬೇಡಿ ಅಂತಲೇ ನನ್ನ ಉತ್ತರ. ಹಳದಿ ರಸ ಹೊಟ್ಟೆ ನುಲಿಸಿ ಭೇದಿ ಮಾಡಿಸುತ್ತದೆ, ಗರ್ಭಿಣಿಯರಿಗಂತೂ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇಡೀ ಎಲೆಯ ಸಾರವನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿದೆ. ಬೆಕ್ಕು, ನಾಯಿಗಳಿಗೂ ಈ ಗಿಡ ವಿಷ, ಸಿಪ್ಪೆಯನ್ನು ಅವುಗಳ ಬಾಯಿಗೆ ಸಿಗುವಂತೆ ಬಿಸಾಡಬೇಡಿ.

ಉಳಿದ ಲೋಳೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ. ಬಣ್ಣ ಕೆಂಪಗೆ ತಿರುಗಿದರೆ, ಹುಳಿ ವಾಸನೆ ಬಂದರೆ ಚೆಲ್ಲಿ ಹೊಸ ಎಲೆ ಕೊಯ್ಯಿರಿ.